ಅಕ್ಟೋಬರ್ 31ರ ರಾತ್ರಿ ಮಾಟಗಾತಿ, ನವೆಂಬರ್ 1ರ ಬೆಳಿಗ್ಗೆ ಕೆಳದಿ ಚೆನ್ನಮ್ಮ: ಮಗಳ ಮುಖಕ್ಕೆ ಏನು ಹಚ್ಚಲಿ?

ತುಂಗೆದಡದವಳು, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಓದಿ ನಗಬೇಡಿ, ನನಗೆ ನಿಜವಾಗಿಯೂ ತಲೆಬಿಸಿ ಆಗಿದೆ.

ನಮ್ಮ ಬಡಾವಣೆ ಮಕ್ಕಳು ಈ ಸಲ ಹ್ಯಾಲೋವೀನ್ ಮಾಡುತ್ತಾರಂತೆ, ಅದೇ ದೆವ್ವ ಗಿವ್ವದ ವೇಷ ಹಾಕಿ ರಾತ್ರಿ ಮನೆ ಮನೆಗೆ ಹೋಗುವ ಹಬ್ಬ. ಮೂಲೆಮನೆಗೆ ಬೆಂಗಳೂರಿನಿಂದ ಬಾಡಿಗೆಗೆ ಬಂದವರ ಮಕ್ಕಳು ಶುರು ಮಾಡಿದ್ದು, ಈಗ ಬೀದಿಯ ಹನ್ನೊಂದು ಮಕ್ಕಳಿಗೂ ಅದೇ ಜ್ವರ. ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಮಾಟಗಾತಿಯೇ ಆಗಬೇಕು. ಹಸಿರು ಮುಖ, ಕೊಕ್ಕೆ ಮೂಗು, ಗದ್ದದ ಮೇಲೆ ನರುಳ್ಳಿ, ಒಂದೂ ಬಿಡುವ ಹಾಗಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ನನಗಿಂತ ಜಾಸ್ತಿ ಅವಳಿಗೇ ಗೊತ್ತು. ಆದರೆ ಆ ವಿಡಿಯೋದವರ ಮುಂದೆ ಇರುವ ಇಪ್ಪತ್ತು ಡಬ್ಬಿಯಲ್ಲಿ ನಮ್ಮ ಮನೆಯಲ್ಲಿ ಒಂದೂ ಇಲ್ಲ. ನನ್ನ ಮೇಕಪ್ ಅಂದರೆ ಕಾಡಿಗೆ, ಪೌಡರ್, ಮದುವೆಮನೆಗೆ ಹೋಗುವಾಗ ಒಂದು ಲಿಪ್‌ಸ್ಟಿಕ್.

ಇದೂ ಹೋಗಲಿ. ಅಸಲು ತಾಪತ್ರಯ ಮರುದಿನದ್ದು. ನವೆಂಬರ್ 1, ಶಾಲೆಯಲ್ಲಿ ರಾಜ್ಯೋತ್ಸವ. ಬೆಳಿಗ್ಗೆ ಎಂಟು ಗಂಟೆಗೆ ಇದೇ ಹುಡುಗಿ ಕೆಳದಿ ಚೆನ್ನಮ್ಮ ಆಗಿ ಕತ್ತಿ ಹಿಡಿದು ವೇದಿಕೆ ಹತ್ತಬೇಕು.

ಹೋದ ಭಾನುವಾರ ಒಂದು ಪ್ರಯೋಗ ಮಾಡಿದೆ. ಕಾರ್ನ್‌ಫ್ಲೋರ್, ಕೋಲ್ಡ್ ಕ್ರೀಮ್, ಸ್ವಲ್ಪ ನೀರು, ಅದಕ್ಕೆ ಕೇಕಿಗೆ ಹಾಕುವ ಹಸಿರು ಬಣ್ಣ ಏಳೆಂಟು ಹನಿ. ಹಚ್ಚಿದಾಗ ಚೆನ್ನಾಗಿಯೇ ಇತ್ತು, ಅವಳೂ ಕುಣಿದಳು. ತೊಳೆದ ಮೇಲೆ ನೋಡಿದರೆ ಹುಬ್ಬಿನ ಸುತ್ತ, ಮೂಗಿನ ಸಂದಿ, ಕಿವಿಯ ಪಕ್ಕ ಎಲ್ಲ ಪಾಚಿ ಕಟ್ಟಿದ ಹಾಗೆ. ಮೂರು ಸಲ ಸೋಪು ಹಾಕಿ ಉಜ್ಜಿದೆ, ಮುಖ ಕೆಂಪಾಯಿತೇ ಹೊರತು ಹಸಿರು ಹೋಗಲಿಲ್ಲ. ಸೋಮವಾರ ಶಾಲೆಗೆ ಹಾಗೇ ಹೋದಳು. ನಮ್ಮ ಅತ್ತೆ ಒಂದು ಮಾತು ಆಡಿದರು, "ಆಷಾಢದ ಅಂಗಳ ಇದ್ದ ಹಾಗಿದೆ, ಮೇಲೆ ಕಾಲಿಟ್ಟರೆ ಜಾರುತ್ತದೆ." ಅವರಿಗೆ ಇದು ಮೊದಲಿನಿಂದಲೂ ಇಷ್ಟ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮಾಟಗಾತಿ ಹೆಸರು ಯಾಕೆ ತೆಗೆಯುತ್ತೀರಿ ಅಂತ.

ಹಾಗಾಗಿ ಕೇಳುತ್ತಿದ್ದೇನೆ. ಮಗುವಿನ ಮುಖಕ್ಕೆ ಯಾವ ಹಸಿರು ಹಚ್ಚಬಹುದು, ಮೂಗು ಹೇಗೆ ಮಾಡುವುದು, ಎಲ್ಲಕ್ಕಿಂತ ಮುಖ್ಯ, ಒಂದು ರಾತ್ರಿಯಲ್ಲಿ ಪೂರ್ತಿ ಹೋಗುತ್ತದಾ?

ಬಿಸಿಬಿಸಿ_ಮಂಡಕ್ಕಿ:

ಅಕ್ಕ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದುಬಿಡಿ, ಹನ್ನೊಂದು ದೆವ್ವವೂ ವಾಪಸ್ ಹೋಗುತ್ತವೆ. 90ರ ದಶಕದಲ್ಲಿ ಎಷ್ಟು ಗೋಡೆ ಮೇಲೆ ಇತ್ತು ಅದು, ಖರ್ಚಿಲ್ಲದ ಉಪಾಯ.

ತಮಾಷೆ ಬಿಡಿ. ಮಕ್ಕಳ ಡ್ರಾಯಿಂಗ್ ಬಣ್ಣ ಇರುತ್ತಲ್ಲ, ಪೋಸ್ಟರ್ ಕಲರ್, ಅದನ್ನೇ ಹಚ್ಚಿ. ಡಬ್ಬಿ ಮೇಲೆ ನಾನ್ ಟಾಕ್ಸಿಕ್ ಅಂತ ಬರೆದಿರುತ್ತದೆ. ನೀರು ಹಾಕಿದರೆ ಹೋಗುತ್ತದೆ. ನಾವು ಕಾಲೇಜಿನಲ್ಲಿ ಮ್ಯಾಚ್ ನೋಡಲು ಹೋಗುವಾಗ ಬಾವುಟ ಬರೆದುಕೊಳ್ಳುತ್ತಿದ್ದದ್ದು ಅದರಲ್ಲೇ.

ಮಾತ್ರೆಅಂಗಡಿ, ಭದ್ರಾವತಿ:

ಮೇಲಿನ ತಮ್ಮನ ಮಾತು ದಯವಿಟ್ಟು ಕೇಳಬೇಡಿ. ನಾನು ಔಷಧಿ ಅಂಗಡಿ ನಡೆಸುವವಳು. ಹಬ್ಬ, ಗ್ಯಾದರಿಂಗ್ ಆದ ಮರುದಿನ ಮುಖ ಉರಿಯುತ್ತಿದೆ ಅಂತ ಮುಲಾಮು ಕೇಳಲು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಡ್ರಾಯಿಂಗ್ ಬಣ್ಣದ ಮೇಲೆ ನಾನ್ ಟಾಕ್ಸಿಕ್ ಅಂತ ಬರೆದಿದ್ದರೆ, ಕಾಗದಕ್ಕೆ ಬಳಿಯುವಾಗ ಮಗು ಅಕಸ್ಮಾತ್ ಸ್ವಲ್ಪ ನೆಕ್ಕಿದರೂ ವಿಷ ಆಗುವುದಿಲ್ಲ ಅಂತ. ಮುಖಕ್ಕೆ ಹಚ್ಚಿ ಎರಡು ಗಂಟೆ ಬೆವರಬಹುದು ಅಂತ ಅಲ್ಲ. ಅಕ್ರಿಲಿಕ್ ಅಂತೂ ಒಣಗಿದರೆ ಪ್ಲಾಸ್ಟಿಕ್ ಹಾಳೆಯೇ. ಕೀಳುವಾಗ ಕೂದಲು, ಚರ್ಮ ಎರಡನ್ನೂ ಎಳೆಯುತ್ತದೆ.

ಇನ್ನೊಂದು, ಕಪ್ಪು ಗೆರೆಗೆ ಅಂತ ಮನೆಯಲ್ಲಿರುವ ತಲೆಕೂದಲ ಡೈ ಯಾರೂ ಮುಟ್ಟಬೇಡಿ. ಅದರಲ್ಲಿ ಪಿಪಿಡಿ ಅಂತ ಒಂದು ರಾಸಾಯನಿಕ ಇರುತ್ತದೆ, ಒಗ್ಗದವರಿಗೆ ಬೊಬ್ಬೆ ಎದ್ದು ಗುರುತು ಉಳಿದುಬಿಡುತ್ತದೆ. ಜಾತ್ರೆಯಲ್ಲಿ ಹಾಕುವ ಕಪ್ಪು ಮೆಹಂದಿಯಲ್ಲೂ ಎಷ್ಟೋ ಸಲ ಇರುವುದು ಇದೇ. ಕ್ರಾಫ್ಟ್ ಅಂಗಡಿಯ ಮಿಂಚು ಪುಡಿಯೂ ಕಣ್ಣಿನ ಹತ್ತಿರ ಬೇಡ, ಒಂದು ಚೂರು ಒಳಗೆ ಹೋದರೆ ಕಣ್ಣಿನ ಗುಡ್ಡೆ ಗೀರುತ್ತದೆ. ಬೆಕ್ಕಿನ ಕಣ್ಣಿನ ಹಾಗೆ ಕಾಣುವ ಬಣ್ಣದ ಲೆನ್ಸ್ ಬಗ್ಗೆ ಒಂಬತ್ತು ವರ್ಷದ ಮಗುವಿನ ವಿಷಯದಲ್ಲಿ ಮಾತಾಡುವುದೇ ಬೇಡ.

ಈಗ ನಿಮ್ಮ ಪಾಚಿ ವಿಷಯ. ಅಡುಗೆ ಬಣ್ಣ ನೀರಿನಲ್ಲಿ ಪೂರ್ತಿ ಕರಗುವಂಥದ್ದು. ಕರಗಿದ್ದರಿಂದಲೇ ಅದು ಚರ್ಮದ ಮೇಲಿನ ಒಣ ಪದರಕ್ಕೆ ಇಳಿದು ಹಿಡಿದುಕೊಳ್ಳುತ್ತದೆ. ಬೀಟ್‌ರೂಟ್ ಹೆಚ್ಚಿದ ಮೇಲೆ ಬೆರಳು ನೋಡಿದ್ದೀರಲ್ಲ, ಅದೇ ಕತೆ. ಉಜ್ಜಿದರೆ ಹೋಗುವುದಿಲ್ಲ, ಆ ಪದರ ತಾನಾಗಿ ಉದುರಿದಾಗ ಹೋಗುತ್ತದೆ, ಎರಡು ಮೂರು ದಿನ ಬೇಕು. ಮುಖಕ್ಕೆಂದೇ ಮಾಡಿದ ಬಣ್ಣದಲ್ಲಿ ಇರುವುದು ಸಾಮಾನ್ಯವಾಗಿ ಕರಗದ ಪುಡಿ. ಎಣ್ಣೆಯಲ್ಲೋ ಮೇಣದಲ್ಲೋ ಅಂಟಿನಲ್ಲೋ ಅದನ್ನು ಕಲಸಿರುತ್ತಾರೆ. ಅದು ಚರ್ಮದ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಹಾಗಾಗಿ ದುಡ್ಡು ಹೋದರೂ ಪರವಾಗಿಲ್ಲ, ಫೇಸ್ ಪೇಂಟ್ ಅಂತಲೇ ಬರೆದಿರುವ ಒಂದು ಡಬ್ಬಿ ತನ್ನಿ. ಏನೇನು ಹಾಕಿದ್ದಾರೆ, ಯಾವ ತಾರೀಕಿನವರೆಗೆ ಬಳಸಬಹುದು, ಎರಡೂ ಅಚ್ಚಾಗಿರಬೇಕು. ಕೆಲವು ಬಣ್ಣ ಕೆನ್ನೆಗೆ ಸರಿ, ಕಣ್ಣು ತುಟಿಯ ಸುತ್ತ ಬೇಡ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನೂ ಓದಿ.

ತಂದ ದಿನವೇ ಮೊಣಕೈ ಒಳಮಡಿಕೆಯಲ್ಲಿ ಒಂದು ಕಾಸಿನಗಲ ಹಚ್ಚಿ ನೋಡಿ. ಮರುದಿನದವರೆಗೆ ತುರಿಕೆ, ಕೆಂಪು ಏನೂ ಇಲ್ಲ ಅಂದರೆ ಮುಖಕ್ಕೆ. 31ನೇ ತಾರೀಕು ಸಂಜೆ ಮೊದಲ ಸಲ ಹಚ್ಚುವ ಕೆಲಸ ಮಾತ್ರ ಮಾಡಬೇಡಿ.

ಬಿಸಿಬಿಸಿ_ಮಂಡಕ್ಕಿ:

ಸರಿ ಅಕ್ಕ, ತಪ್ಪಾಯಿತು. ಆ ಬಾವುಟದ ದಿನ ನನಗೂ ಕೆನ್ನೆ ಉರಿದಿತ್ತು, ಬಿಸಿಲಿಗೆ ಅಂದುಕೊಂಡಿದ್ದೆ.

ಚೌಕಿಮನೆ, ಹೊಸನಗರ ತಾಲ್ಲೂಕು:

ತಂಗೀ, ನಾನು ಯಕ್ಷಗಾನ ಮೇಳದವನಲ್ಲ, ಹವ್ಯಾಸಿ. ಆದರೆ ಊರಿನ ಆಟದಲ್ಲಿ ಹದಿನೈದು ವರ್ಷದಿಂದ ಪೂತನಿ, ಶೂರ್ಪನಖಿ ಅಂತ ರಾಕ್ಷಸಿ ವೇಷವೇ ಕಟ್ಟುತ್ತಾ ಬಂದವನು. ನಿಮ್ಮ ಮಗಳು ನಮ್ಮ ಗುಂಪಿನವಳೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಬಣ್ಣ ಮರೆತುಬಿಡಿ. ಮುಖ ನೋಡಿ. ಎಲ್ಲರೂ ತಪ್ಪುವುದು ಇಲ್ಲೇ. ಗೋಡೆಗೆ ಸುಣ್ಣ ಬಳಿದ ಹಾಗೆ ಮುಖದ ತುಂಬ ಹಸಿರು ಬಳಿದು, ಅದರ ಮೇಲೆ ಕಪ್ಪು ಗೆರೆ ಎಳೆಯುತ್ತಾರೆ. ಅದು ಮಾಟಗಾತಿ ಆಗುವುದಿಲ್ಲ, ಪಡುವಲಕಾಯಿ ಆಗುತ್ತದೆ. ಮಗಳನ್ನು ಕಿಟಕಿ ಬೆಳಕಿಗೆ ಕೂರಿಸಿ, ಹುಳಿ ಅಪ್ಪೆಮಿಡಿ ಕಚ್ಚಿದ ಹಾಗೆ ಮುಖ ಹಿಂಡು ಅನ್ನಿ. ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲೇ ಗೆರೆ. ಒಂಬತ್ತು ವರ್ಷದ ಮುಖದಲ್ಲೂ ಅಜ್ಜಿ ಇರುತ್ತಾಳೆ. ಹುಬ್ಬಿನ ನಡುವೆ ಎರಡು, ಹಣೆಯಲ್ಲಿ ಎರಡು, ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವುದು ಒಂದೊಂದು, ಅಷ್ಟು ಸಾಕು. ಕಪ್ಪು ಬೇಡ, ಕಂದು ತಗೊಳ್ಳಿ. ಕಪ್ಪಿನಲ್ಲಿ ಎಳೆದರೆ ಬೆಕ್ಕಿನ ಮೀಸೆ. ಗೆರೆ ಎಳೆದ ಮೇಲೆ ಅದರ ಒಂದು ಅಂಚನ್ನು ಬೆರಳಲ್ಲಿ ಒರೆಸಿ ಮಸುಕು ಮಾಡಿ, ಇನ್ನೊಂದು ಅಂಚು ಚೂಪಾಗಿಯೇ ಇರಲಿ, ಅದರ ಮಗ್ಗುಲಿಗೆ ತೆಳುವಾಗಿ ಒಂದು ಬಿಳಿ ಎಳೆ. ಬರೀ ನೆರಳು ಇದ್ದರೆ ಕೊಳೆ ಅನ್ನಿಸುತ್ತದೆ, ಪಕ್ಕದಲ್ಲಿ ಬೆಳಕು ಬಿದ್ದರೆ ಮಡಿಕೆ.

ಕೆನ್ನೆಗೆ ಇದೇ ಲೆಕ್ಕ. ಕೆನ್ನೆ ಒಳಗೆ ಎಳೆದುಕೊ ಅನ್ನಿ, ಗುಳಿ ಬಿದ್ದ ಕಡೆ ಕಂದು, ಅದರ ಮೇಲಿನ ಎಲುಬಿಗೆ ಬಿಳಿ. ಹುಬ್ಬಿನ ಒಳತುದಿ ಕೆಳಗೆ ಬಗ್ಗಲಿ, ಹೊರತುದಿ ಮೇಲೆ ಹಾರಲಿ. ಮುಖದಲ್ಲಿ ಸಿಟ್ಟು ಬರುವುದು ಅಲ್ಲಿಂದ.

ನಾವು ಸಣ್ಣ ಗೆರೆಗೆ ತೆಂಗಿನಗರಿಯ ಕಡ್ಡಿ ಬಳಸುತ್ತೇವೆ. ಕೈ ನಡುಗದವರಿಗೆ ಅದಕ್ಕಿಂತ ಒಳ್ಳೆ ಬ್ರಶ್ ಇಲ್ಲ. ಆದರೆ ಮಕ್ಕಳು ಸುಮ್ನೆ ಕೂರುವುದಿಲ್ಲ, ಕಣ್ಣಿನ ಹತ್ತಿರ ಕಡ್ಡಿ ಬೇಡ, ಕಿವಿ ಒರೆಸುವ ಹತ್ತಿ ಕಡ್ಡಿ ಸಾಕು.

ಒಂದು ಎಚ್ಚರಿಕೆ. ಯಕ್ಷಗಾನದ ಬಣ್ಣ ಸಾಂಪ್ರದಾಯಿಕ, ಹಾಗಾಗಿ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರು. ಒಂದರಲ್ಲಿ ಇರುವುದು ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಅನ್ನುವ ಉಬ್ಬು ಚುಕ್ಕೆ ಇಡುತ್ತಾರೆ, ಗಂಟೆಗಟ್ಟಲೆ ಕೂರಬೇಕು, ಅದು ಪಳಗಿದ ಚರ್ಮದವರ ಕೆಲಸ. ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡುವ ಆಲೋಚನೆಯೂ ಬೇಡ. ಓಕುಳಿ ನೀರಿಗೆ ಸರಿ, ಮಗುವಿನ ಕೆನ್ನೆಗೆ ಅಲ್ಲ.

ಈಗ ತೆಗೆಯುವುದು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬೆಳಗಿನ ಜಾವ ಆಟ ಮುಗಿಸಿ ಬಂದವರು ಮೊದಲು ಕೈ ಹಾಕುವುದು ತೆಂಗಿನೆಣ್ಣೆಗೆ, ನೀರಿಗಲ್ಲ. ಎಣ್ಣೆ ಧಾರಾಳ ಹಚ್ಚಿ, ಎರಡು ನಿಮಿಷ ಬಿಟ್ಟು, ಹಳೆ ಪಂಚೆ ಬಟ್ಟೆಯಲ್ಲಿ ಒರೆಸಿ. ಉಜ್ಜುವುದಲ್ಲ, ಒರೆಸುವುದು. ಬಟ್ಟೆ ಮಡಚಿ ಮಡಚಿ ಹೊಸ ಜಾಗ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದೇ ಬಣ್ಣ ವಾಪಸ್ ಮುಖಕ್ಕೆ ಬರುತ್ತದೆ. ಆಮೇಲೆ ಕಡಲೆಹಿಟ್ಟು, ಉಗುರುಬೆಚ್ಚಗಿನ ನೀರು. ಇದು ಎಣ್ಣೆ ಬಣ್ಣಕ್ಕೆ. ನೀರಲ್ಲಿ ಕಲಸುವ ಬಿಲ್ಲೆ ಬಣ್ಣ ತಂದರೆ ಮೊದಲು ಸೋಪು ನೀರು, ಉಳಿದದ್ದಕ್ಕೆ ಎಣ್ಣೆ. ಹಚ್ಚುವ ಮೊದಲೂ ಮುಖಕ್ಕೆ ಒಂದು ತೆಳು ಎಣ್ಣೆಯೋ ಕ್ರೀಮೋ ಇರಲಿ, ಹೆಚ್ಚಾಗಿದ್ದನ್ನು ಒತ್ತಿ ತೆಗೆದುಬಿಡಿ. ಕೂದಲಿನ ಅಂಚು, ಹುಬ್ಬು, ಕಿವಿಯ ಹಿಂದೆ ಮರೆಯಬೇಡಿ. ಬಣ್ಣ ಅಡಗಿ ಕೂರುವುದು ಅಲ್ಲಿಯೇ.

ಸೈಡ್‌ವಿಂಗ್, ಸಾಗರ:

ಚೌಕಿಮನೆ ಅಣ್ಣ ಹೇಳಿದ ಮೇಲೆ ನಾನು ಹೇಳಲು ಜಾಸ್ತಿ ಉಳಿದಿಲ್ಲ. ನಾಟಕದವಳಾಗಿ ಒಂದೆರಡು ಮಾತು. ನೀನಾಸಂ ನಾಟಕಗಳನ್ನು ನೋಡುತ್ತಾ ಬೆಳೆದ ಊರಿನವರಿಗೆ ಮೇಕಪ್ ಹುಚ್ಚು ಹೊಸದಲ್ಲ ಬಿಡಿ.

ಹಸಿರು ಮುಖ ಹಳೆಯ ನಂಬಿಕೆ ಏನಲ್ಲ. 1939ರಲ್ಲಿ ಅಮೆರಿಕದಲ್ಲಿ ಬಂದ "ದಿ ವಿಝರ್ಡ್ ಆಫ್ ಆಜ್" ಚಿತ್ರದಿಂದ ಜನರ ತಲೆಯಲ್ಲಿ ಕೂತಿದ್ದು. ಟೆಕ್ನಿಕಲರ್ ಅನ್ನುವ ಬಣ್ಣದ ಸಿನಿಮಾ ಬಂದ ಕಾಲ, ಬಣ್ಣ ತೋರಿಸುವುದೇ ಒಂದು ಸಂಭ್ರಮ. ಮೂಲ ಪುಸ್ತಕದ ಮಾಟಗಾತಿ ಹಸಿರಲ್ಲ. ಆ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಮುಖಕ್ಕೆ ಹಚ್ಚುತ್ತಿದ್ದ ಹಸಿರಿನಲ್ಲಿ ತಾಮ್ರ ಇತ್ತು. ಬೆಂಕಿ ಹೊಗೆಯ ನಡುವೆ ಮಾಯವಾಗುವ ಒಂದು ದೃಶ್ಯದಲ್ಲಿ ಅವರ ಮುಖ, ಕೈ ನಿಜವಾಗಿಯೂ ಸುಟ್ಟಿತು. ತಾಮ್ರ ಗಾಯಕ್ಕೆ ಇಳಿಯಬಾರದು ಅಂತ ಸುಟ್ಟ ಚರ್ಮದ ಮೇಲಿನಿಂದಲೇ ಬಣ್ಣ ಒರೆಸಿ ತೆಗೆಯಬೇಕಾಯಿತು. ಇದನ್ನು ಮಗಳಿಗೆ ಹೇಳಿ. ಹಸಿರು ಬೇಕೇ ಬೇಕು ಅಂದರೆ ಕಣ್ಣಿನ ಕೆಳಗೆ, ಕೆನ್ನೆ ಗುಳಿಯಲ್ಲಿ, ದವಡೆಯ ಅಂಚಿನಲ್ಲಿ ಮಾತ್ರ ಕಂದು ಜೊತೆ ಸೇರಿಸಿ. ಪೂರ್ತಿ ಹಸಿರಿಗಿಂತ ಅದೇ ಹೆಚ್ಚು ಹೆದರಿಸುತ್ತದೆ, ಕಾಯಿಲೆ ಮುಖ ಅನ್ನಿಸುತ್ತದೆ. ತೊಳೆಯಲೂ ಅರ್ಧ ಕೆಲಸ.

ಮೂಗಿಗೆ ಮೇಣ, ಲ್ಯಾಟೆಕ್ಸ್, ಅಂಟು ಏನೂ ಬೇಡ. ಮೂಗಿನ ಎರಡು ಪಕ್ಕ ಕಂದು, ನಡುವಿನ ಏಣಿನ ಮೇಲೆ ದಾರದಷ್ಟು ಬಿಳಿ, ತುದಿಯ ಕೆಳಗೆ ಕಪ್ಪಿಗೆ ಹತ್ತಿರದ ಕಂದು. ಮೂಗು ಸಪೂರಾಗಿ ಕೆಳಗೆ ಬಾಗಿದ ಹಾಗೆ ಕಾಣುತ್ತದೆ. ನರುಳ್ಳಿಗೆ ನನ್ನದೇ ಉಪಾಯ, ಬೇಯಿಸಿದ ಸಬ್ಬಕ್ಕಿ. ಒಂದೇ ಒಂದು ಕಾಳು. ಅಂಟುಅಂಟಾಗಿ ಇರುವಾಗಲೇ ಗದ್ದಕ್ಕೆ ಒತ್ತಿ, ಒಣಗಿದ ಮೇಲೆ ಸುತ್ತ ಕಂದು. ನಾಟಕದಲ್ಲಿ ಮೂರು ಅಂಕ ತಡೆದಿದೆ. ಒಂದು ಸಲ ಮಾತ್ರ ಸಂಭಾಷಣೆ ನಡುವೆ ಉದುರಿತು, ಎದುರಿನ ಪಾತ್ರಧಾರಿ ನಗು ತಡೆಯಲಾರದೆ ಬೆನ್ನು ತಿರುಗಿಸಿ ನಿಂತ.

ಮೇಕಪ್ಪನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ ಸಾಕು ಅನ್ನಬೇಡಿ. ಮಕ್ಕಳು ಓಡಾಡುವುದು ಬೀದಿದೀಪದಲ್ಲಿ, ಟಾರ್ಚಿನಲ್ಲಿ. ಆ ಬೆಳಕಿನಲ್ಲಿ ಹತ್ತು ಹೆಜ್ಜೆ ದೂರ ನಿಂತು ನೋಡಿ. ಅಕ್ಟೋಬರ್ ಕೊನೆಯಲ್ಲೂ ನಮ್ಮ ಕಡೆ ಸಂಜೆ ಮಳೆ ಬಂದರೆ ಆಶ್ಚರ್ಯ ಇಲ್ಲ, ಹಾಗಾಗಿ ಕೊನೆಗೆ ಪೌಡರ್ ಒತ್ತಿ. ಬಳಿಯುವುದಲ್ಲ, ಪಫ್‌ನಿಂದ ಒತ್ತುವುದು. ಎಣ್ಣೆ ಬಣ್ಣ ಅದರಿಂದ ಕೂತುಕೊಳ್ಳುತ್ತದೆ.

ಹಾಳೆಟೊಪ್ಪಿ, ತೀರ್ಥಹಳ್ಳಿ:

ಬಣ್ಣದ ವಿಷಯ ನನಗೆ ಗೊತ್ತಿಲ್ಲ ಮಾರಾಯ್ರೆ, ಟೋಪಿ ವಿಷಯ ಗೊತ್ತು. ಆನ್‌ಲೈನಿನಲ್ಲಿ ಆರುನೂರು ಕೊಟ್ಟು ಆ ತೆಳು ಬಟ್ಟೆ ಟೋಪಿ ತರಿಸಬೇಡಿ. ಒಂದು ಅಗಲದ ಅಡಿಕೆ ಹಾಳೆ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮೆತ್ತಗಾದಾಗ ಸುತ್ತಿ ಕೋನ ಮಾಡಿ ದಬ್ಬಳದಲ್ಲಿ ಹೊಲಿದುಬಿಡಿ. ಒಣಗಿದ ಮೇಲೆ ಕಲ್ಲಿನ ಹಾಗೆ ನಿಲ್ಲುತ್ತದೆ. ಅಂಚಿಗೆ ಇನ್ನೊಂದು ಹಾಳೆಯ ಚಕ್ರ. ಟೋಪಿಗೆ ಬೇಕಾದರೆ ಪೋಸ್ಟರ್ ಕಲರ್ ಬಳಿಯಿರಿ, ಮಂಡಕ್ಕಿ ತಮ್ಮನಿಗೂ ಸಮಾಧಾನ ಆಗಲಿ. ಕೂದಲಿಗೆ ಬಿಡಿಸಿದ ಸೆಣಬು, ಪೊರಕೆಗೆ ಅಂಗಳ ಗುಡಿಸುವ ಕಡ್ಡಿಹಿಡಿ ಇದ್ದೇ ಇದೆ.

ನಿಮ್ಮ ಅತ್ತೆಯವರಿಗೆ ಒಂದು ವಿಷಯ ಹೇಳಿ. ಹ್ಯಾಲೋವೀನ್ ಅಂದರೆ ಮೂಲದಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಸುಗ್ಗಿ ಮುಗಿದು ಚಳಿ ಶುರುವಾಗುವ ಹೊತ್ತಿನ ಹಬ್ಬ, ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವ ನಂಬಿಕೆ. ನವೆಂಬರ್ 1 ಕ್ರೈಸ್ತರಿಗೆ ಸಂತರ ದಿನ, ಅದರ ಹಿಂದಿನ ರಾತ್ರಿ ಇದು. ಅಲ್ಲಿ ಮೊದಲು ಕೊರೆದು ದೀಪ ಇಡುತ್ತಿದ್ದದ್ದು ಟರ್ನಿಪ್ ಗೆಡ್ಡೆಯಲ್ಲಿ, ಕುಂಬಳಕಾಯಿ ಬಂದಿದ್ದು ಅಮೆರಿಕಕ್ಕೆ ಹೋದ ಮೇಲೆ. ವೇಷ ಹಾಕಿ ಮನೆ ಮನೆಗೆ ಹೋಗಿ ಬೇಡುವುದು ನಮಗೇನು ಹೊಸದಾ? ದೀಪಾವಳಿಗೆ ಅಂಟಿಗೆ ಪಂಟಿಗೆಯವರು ರಾತ್ರಿಯಿಡೀ ದೀಪ ಹಿಡಿದು ಹಾಡುತ್ತಾ ಬಾಗಿಲಿಗೆ ಬಂದಾಗ ಎಣ್ಣೆ ಅಕ್ಕಿ ಕೊಟ್ಟವರು ಇವರೇ ಅಲ್ವಾ. ಅಲ್ಲಿ ಹಾಡು ಇದೆ, ಇಲ್ಲಿ ಚಾಕ್ಲೇಟು, ಅದಷ್ಟೇ ನನಗೆ ಬೇಸರ.

ಆದರೆ ಅವರ ಹಿಂಜರಿಕೆಯನ್ನು ಪೂರ್ತಿ ತಳ್ಳಿಹಾಕಲಾರೆ. ನನ್ನ ಅಜ್ಜನ ಕಾಲದಲ್ಲಿ ನಮ್ಮೂರಿನಲ್ಲಿ ಒಬ್ಬಂಟಿ ಮುದುಕಿಯೊಬ್ಬಳನ್ನು ಮಾಟಗಾತಿ ಅಂತ ಕರೆದು, ಅವಳ ಬಾವಿಯಿಂದ ಯಾರೂ ನೀರು ಸೇದುತ್ತಿರಲಿಲ್ಲವಂತೆ. ಯುರೋಪಿನಲ್ಲಿ ಹತ್ತಾರು ಸಾವಿರ ಜನರನ್ನು ಮಾಟದ ಆರೋಪದಲ್ಲಿ ಕೊಂದರು, ಹೆಚ್ಚಿನವರು ಹೆಂಗಸರು. ನಮ್ಮ ರಾಜ್ಯಕ್ಕೂ ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರ ತಡೆಯಲು 2017ರಲ್ಲಿ ಕಾಯ್ದೆ ಬೇಕಾಯಿತು. ಮಕ್ಕಳು ವೇಷ ಹಾಕಲಿ, ಬೀದಿಯ ಯಾವ ಅಜ್ಜಿಯ ಕಡೆಗೂ ಬೆರಳು ತೋರಿಸದಿದ್ದರೆ ಸಾಕು.

ತುಂಗೆದಡದವಳು:

ಇಷ್ಟೊಂದು ಬರೆದಿದ್ದೀರಿ, ಯಾರಿಗೆ ಮೊದಲು ಥ್ಯಾಂಕ್ಸ್ ಹೇಳಲಿ. ಗಾಂಧಿ ಬಜಾರಿನಲ್ಲಿ ಎರಡು ಸುತ್ತು ಹೊಡೆದು ಎಣ್ಣೆ ಬಣ್ಣದ ಒಂದು ಸಣ್ಣ ಡಬ್ಬಿ ತಂದೆ. ಕಂದು, ಬಿಳಿ, ಹಸಿರು ಮೂರೂ ಅದರಲ್ಲೇ ಇವೆ. ನಿನ್ನೆ ಮೊಣಕೈಗೆ ಹಚ್ಚಿದ್ದೆವು, ಏನೂ ಆಗಿಲ್ಲ. ಸುಟ್ಟ ಮುಖದ ಕತೆ ಕೇಳಿ ಮಗಳು ತಾನೇ ಹೇಳಿದಳು, ಹಸಿರು ಸ್ವಲ್ಪ ಸಾಕು ಅಂತ. ಮಾತ್ರೆಅಂಗಡಿ ಅಕ್ಕ, ಎಣ್ಣೆ ಹಚ್ಚಿದರೆ ರಾತ್ರಿ ಮಲಗುವಾಗ ಮೊಡವೆ ಗಿಡವೆ ಏಳುತ್ತದಾ?

ಮಾತ್ರೆಅಂಗಡಿ, ಭದ್ರಾವತಿ:

ಒಂದು ಸಲಕ್ಕೆ ಏನೂ ಆಗುವುದಿಲ್ಲ, ಕೊನೆಯಲ್ಲಿ ಎಣ್ಣೆ ಪೂರ್ತಿ ತೊಳೆಯಿರಿ ಅಷ್ಟೆ. ಎಷ್ಟೇ ನಿದ್ದೆ ಬಂದಿದ್ದರೂ ಬಣ್ಣದ ಜೊತೆ ಮಲಗಿಸಬೇಡಿ.

ತುಂಗೆದಡದವಳು (ನವೆಂಬರ್ 1, ಸಂಜೆ):

ವರದಿ ಒಪ್ಪಿಸುತ್ತಿದ್ದೇನೆ.

ನಿನ್ನೆ ನಾಲ್ಕೂವರೆಗೆ ಕೂರಿಸಿದೆ. ಮುಖ ಹಿಂಡು ಅಂದರೆ ನಗು, ನಗು ನಿಂತರೆ ಮೂಗು ತುರಿಕೆ. ಹಣೆಯ ಗೆರೆ ನನಗೆ ಬರಲೇ ಇಲ್ಲ, ಮೂರು ಸಲ ಒರೆಸಿದೆ. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಸುಕ್ಕು ಹಾಗೆ ನೆಟ್ಟಗೆ ಬರುತ್ತದೇನೇ, ಇಲ್ಲಿ ನೋಡು" ಅಂತ ತಮ್ಮ ಹಣೆ ತೋರಿಸಿದರು. ತೋರಿಸಿದ ಮೇಲೆ ಅವರಿಗೇ ಹೊಳೆಯಿತು. "ಅಯ್ಯೋ, ಹಾಗಾದರೆ ನಾನೇ ಮಾಟಗಾತಿ ಅಂದ ಹಾಗಾಯಿತಲ್ಲ!" ಮನೆಯೆಲ್ಲ ನಕ್ಕೆವು. ಆಮೇಲೆ ಹತ್ತಿ ಕಡ್ಡಿ ನನ್ನ ಕೈಯಿಂದ ಕಿತ್ತುಕೊಂಡು ಕೊನೆಯ ಎರಡು ಗೆರೆ ಅವರೇ ಎಳೆದರು. ಹಪ್ಪಳಕ್ಕೆ ಗೆರೆ ಹಾಕುವ ಕೈ, ಒಂಚೂರೂ ನಡುಗಲಿಲ್ಲ.

ಸಬ್ಬಕ್ಕಿ ಮೂರನೇ ಮನೆ ಗೇಟಿನಲ್ಲಿ ಬಿತ್ತು. ಟೋಪಿ ಮಾತ್ರ ಎಲ್ಲರೂ ಮುಟ್ಟಿ ನೋಡಿದರು, ಮೂಲೆಮನೆಯ ಹುಡುಗ ತನ್ನ ಆನ್‌ಲೈನ್ ಟೋಪಿಗೆ ಬದಲಿ ಕೊಡುತ್ತೀಯಾ ಅಂತ ಕೇಳಿದನಂತೆ.

ಒಂಬತ್ತಕ್ಕೆ ವಾಪಸ್ ಬಂದಳು, ತೂಕಡಿಸುತ್ತಾ. ತೆಂಗಿನೆಣ್ಣೆ, ಪಂಚೆ ಬಟ್ಟೆ, ಕಡಲೆಹಿಟ್ಟು. ಹತ್ತು ನಿಮಿಷ. ಮುಖ ಹೊಳೆಯುತ್ತಿತ್ತು. ನಿಜವಾಗಿ ಇಷ್ಟು ಸುಲಭ ಅಂದುಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ನೋಡುತ್ತೇನೆ, ಎಡಗಿವಿಯ ಹಿಂದೆ ಬೆರಳಗಲ ಹಸಿರು. ಚೌಕಿಮನೆ ಅಣ್ಣ ಹೇಳಿದ ಜಾಗವೇ. ಎಣ್ಣೆ ತರಲು ಹೊತ್ತಿರಲಿಲ್ಲ, ಆಟೋ ಹೊರಗೆ ಹಾರನ್ ಹೊಡೆಯುತ್ತಿತ್ತು. ಅತ್ತೆ ತಮ್ಮ ದೊಡ್ಡ ಬೆಂಡೋಲೆ ಬಿಚ್ಚಿ ಅವಳಿಗೆ ಹಾಕಿ, ಮೇಲೆ ಒಂದು ಮೊಳ ಸೇವಂತಿಗೆ ಇಳಿಬಿಟ್ಟರು. ಚೆನ್ನಮ್ಮ ಕತ್ತಿ ಎತ್ತಿದಾಗ ಮುಂದಿನ ಸಾಲಿನವರಿಗೂ ಏನೂ ಕಾಣಲಿಲ್ಲ.